ಚೆನ್ ಹೊಂಗ್‌ಶೌ ಮಾದರಿಯ 12 ಹಾಳೆ ಚಿತ್ರಸಂಪುಟ: ಕಾಗದ, ರೇಖೆ, ಬಣ್ಣ, ಮೌಂಟಿಂಗ್ ಬಗ್ಗೆ ಚರ್ಚೆ

ಮಸಿಬಟ್ಟಲು

ಚೀನಾದ ಮಿಂಗ್ ಕಾಲದ ಚಿತ್ರಕಾರ ಚೆನ್ ಹೊಂಗ್‌ಶೌ (1598–1652) ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, 1619ರಲ್ಲಿ, ಬರೆದ ಪುಟ್ಟ ಸಂಪುಟವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಕಾಗದದ ಮೇಲೆ ಬರೀ ಶಾಯಿ, 12 ಹಾಳೆ. ಒಂದೊಂದು ಹಾಳೆ ಸುಮಾರು 22 ಸೆಂ.ಮೀ. ಎತ್ತರ, 9 ಸೆಂ.ಮೀ. ಅಗಲ. ಪ್ರಕೃತಿ, ಮನುಷ್ಯರು ಎರಡೂ ಬೆರೆತ ಬಿಡಿ ಅಭ್ಯಾಸಗಳು.

ಇದೇ ಅಳತೆಯಲ್ಲಿ ಒಂದು ಸಂಪುಟ ಕಟ್ಟಬೇಕು. ಅರ್ಧ ಹೂವು-ಕೀಟ, ಅರ್ಧ ಮನುಷ್ಯಾಕೃತಿ. ಕಾಗದ ಹಸಿಯದೇ (ಅಂದರೆ ಏನೂ ಹಚ್ಚದ್ದು) ಇರಲೋ, ಅಂಟು-ಪಟಿಕದ ನೀರು ಕುಡಿಸಿದ್ದೋ? ಅಂಗಡಿಯಲ್ಲಿ ಸಿಗುವ ಖಾಲಿ ಮಡಚು ಆಲ್ಬಮ್ಮಿನಲ್ಲೇ ನೇರವಾಗಿ ಬರೆದರೆ ಏನು ತೊಂದರೆ? ಕೀಟದ ಹಾಳೆಗಳಿಗೆ ಬಣ್ಣ ಹಾಕುವುದಾದರೆ ಕ್ರಮ ಹೇಗೆ? ತಿಳಿದವರು ಹೇಳಿ.

ಹಳೇಹಾಳೆ

ಕೊನೆಯ ಕೆಲಸವನ್ನು ಮೊದಲು ತೀರ್ಮಾನ ಮಾಡಿ. ಚೀನೀ ಸಂಪುಟದಲ್ಲಿ ಚಿತ್ರ ಬರೆದ ಕಾಗದ ತೆಳು. ಅದಕ್ಕೆ ಹಿಂದಿನಿಂದ ಇನ್ನೊಂದು ಕಾಗದ ಅಂಟಿಸಿ, ಸುತ್ತ ಅಂಚು ಕೂರಿಸಿ, ಆಮೇಲೆ ಮಡಿಕೆಗೆ ಸೇರಿಸುತ್ತಾರೆ. ಈ ಕೆಲಸದಲ್ಲಿ ಹಾಳೆ ಪೂರ್ತಿ ಒದ್ದೆಯಾಗುತ್ತದೆ. ನೀರು ತಡೆಯದ ಶಾಯಿ, ನೀರು ತಡೆಯದ ಬಣ್ಣ ಅಲ್ಲೇ ಹರಡಿ ಚಿತ್ರ ಹಾಳು. ಹಾಗಾಗಿ ಕಾಗದ, ಶಾಯಿ, ಬಣ್ಣ ಮೂರನ್ನೂ ಮೌಂಟಿಂಗ್ ದೃಷ್ಟಿಯಿಂದಲೇ ಆರಿಸಬೇಕು.

ಖಾಲಿ ಆಲ್ಬಮ್ ಬಗ್ಗೆ: ಅದರ ಹಾಳೆಗಳನ್ನು ಮೊದಲೇ ದಪ್ಪ ರಟ್ಟಿಗೆ ಅಂಟಿಸಿರುತ್ತಾರೆ. ನೀರು ಹೆಚ್ಚಾದರೆ ಮೇಲಿನ ಕಾಗದ ಹಿಗ್ಗಿ ಉಬ್ಬುತ್ತದೆ, ಒಣಗುವಾಗ ಪುಟ ಬಿಲ್ಲಿನಂತೆ ಬಾಗುತ್ತದೆ. ಒಂದು ಹಾಳೆ ಕೆಟ್ಟರೆ ಕಿತ್ತು ಹಾಕಲಾಗದು, 12ರ ಸರಣಿಯಲ್ಲಿ ಅದು ಶಾಶ್ವತ. ಒಂದು ಸಾಲು ಹಾಡು ಬರೆಯಲು, ಒಣ ಕುಂಚದ ಬೆಟ್ಟ-ಬಂಡೆ ಬರೆಯಲು ಪರವಾಗಿಲ್ಲ. ಹತ್ತು ಸಲ ತೆಳು ಲೇಪ ಕೊಡುವ ಹೂವಿಗೆ ಖಂಡಿತ ಬೇಡ. ಬಿಡಿ ಹಾಳೆಯಲ್ಲಿ ಬರೆಯಿರಿ, ಒಳ್ಳೆಯವನ್ನು ಆರಿಸಿ, ಆಮೇಲೆ ಕಟ್ಟಿಸಿ.

ರೇಖೆಮನೆ

ಹಳೇಹಾಳೆ ಅವರ ಮಾತಿಗೆ ಲೆಕ್ಕ ಸೇರಿಸುತ್ತೇನೆ. ಶ್ವಾನ್ ಎಂಬ ಚೀನೀ ಕಾಗದದ ಸಾಮಾನ್ಯ ಹಾಳೆ 69 × 138 ಸೆಂ.ಮೀ. ನಿಮ್ಮ ಚಿತ್ರ 22 × 9. ನಾಲ್ಕೂ ಕಡೆ ಒಂದೂವರೆ ಸೆಂ.ಮೀ. ಬಿಟ್ಟು 25 × 12ಕ್ಕೆ ಕತ್ತರಿಸಿ. ಉದ್ದಕ್ಕೆ 5, ಅಗಲಕ್ಕೆ 5, ಒಂದೇ ಹಾಳೆಯಲ್ಲಿ 25 ತುಂಡು. ಹನ್ನೆರಡು ತುಂಡು ಸಂಪುಟಕ್ಕೆ, ಉಳಿದದ್ದು ಪರೀಕ್ಷೆಗೆ, ಕೆಟ್ಟದ್ದಕ್ಕೆ. ಜಾಗ ಉಳಿಸಲು ಕೆಲವನ್ನು ಅಡ್ಡ, ಕೆಲವನ್ನು ಉದ್ದ ಕತ್ತರಿಸಬೇಡಿ. ನೀರು ಬಿದ್ದಾಗ ಕಾಗದ ಎರಡು ದಿಕ್ಕಿಗೂ ಒಂದೇ ಸಮ ಹಿಗ್ಗುವುದಿಲ್ಲ. ದಿಕ್ಕು ಬದಲಾದ ತುಂಡುಗಳು ಮೌಂಟ್ ಆದಮೇಲೆ ಅರ್ಧ ಮಿಲಿಮೀಟರು, ಒಂದು ಮಿಲಿಮೀಟರು ಹೆಚ್ಚುಕಡಿಮೆ ಬರುತ್ತವೆ. ಎದುರುಬದುರು ಪುಟಗಳಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ.

ಕಾವಿಬಣ್ಣ

ಹಸಿಯೋ ಕುಡಿಸಿದ್ದೋ ಅನ್ನುವುದಕ್ಕೆ: ಅನ್ಹುಯಿ ಪ್ರಾಂತ್ಯದ ಜಿಂಗ್ ಕೌಂಟಿಯಲ್ಲಿ ಚಿಂಗ್‌ತಾನ್ ಮರದ ತೊಗಟೆ, ಭತ್ತದ ಹುಲ್ಲು ಸೇರಿಸಿ ಮಾಡುವ ಅಸಲಿ ಶ್ವಾನ್ ಕಾಗದ ಹಸಿಯಾಗಿದ್ದಾಗ ಶಾಯಿಯನ್ನು ತಕ್ಷಣ ಕುಡಿಯುತ್ತದೆ. ತೊಗಟೆ ಹೆಚ್ಚಿದ್ದರೆ ಗಟ್ಟಿ, ಹುಲ್ಲು ಹೆಚ್ಚಿದ್ದರೆ ಮೃದು, ಹರಡುವುದು ಬೇಗ. ಬಿದಿರು, ದಪ್ಪ ಎಲೆ, ಬಂಡೆಗೆ ಹಸಿ ಕಾಗದ ಚೆಂದ. ಆದರೆ ಚೆನ್ ಹೊಂಗ್‌ಶೌ ಶೈಲಿಯ ಉಡುಗೆಯ ಉದ್ದ ಸಪೂರ ರೇಖೆಗೆ, ಕೀಟದ ಕಾಲಿಗೆ ಹಸಿ ಕಾಗದದಲ್ಲಿ ಕೈ ಒಂದು ಕ್ಷಣ ತಡೆದರೂ ಗಂಟು ಮೂಡುತ್ತದೆ.

ನಿಮ್ಮದು ಬೆರಕೆ ಸಂಪುಟ, ಆದ್ದರಿಂದ ಎಲ್ಲಕ್ಕೂ ಒಂದೇ ಕಾಗದ ಹಾಕಿ, ಅರೆಕುಡಿಸಿದ್ದು. ಪಟಿಕದ ನೀರನ್ನು ಅರ್ಧಕ್ಕೆ ತೆಳು ಮಾಡಿ ಒಂದೇ ಕೈ ಹಚ್ಚಿದರೆ ಸಾಕು. ಶಾಯಿ ನಿಧಾನಕ್ಕೆ ಇಳಿಯುತ್ತದೆ, ಆದರೆ ಗಾಜಿನ ಮೇಲೆ ನಿಂತ ಹಾಗೆ ನಿಲ್ಲುವುದಿಲ್ಲ.

ಮಸಿಬಟ್ಟಲು

ಅಂಟು-ಪಟಿಕದ ಪ್ರಮಾಣ ಹೇಳುತ್ತೀರಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕಾವಿಬಣ್ಣ

ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ, ಅದಕ್ಕೇ ಗೊಂದಲ. 1679ರಲ್ಲಿ ಮೊದಲ ಭಾಗ ಅಚ್ಚಾದ, ಸಾಸಿವೆಕಾಳು ತೋಟ ಎಂಬ ಚೀನೀ ಚಿತ್ರಕೈಪಿಡಿಯಲ್ಲೇ ಇದೆ: ಬೇಸಿಗೆಯಲ್ಲಿ ಅಂಟು 7 ಪಾಲು, ಪಟಿಕ 3 ಪಾಲು, ಚಳಿಗಾಲದಲ್ಲಿ ಅಂಟು 10, ಪಟಿಕ 3. ಈಗಿನ ಅಳತೆಗೆ ಒಂದು ಲೀಟರ್ ನೀರಿಗೆ 14 ಗ್ರಾಂ ಅಂಟು, 6 ಗ್ರಾಂ ಪಟಿಕ ಅಂತ ಹಿಡಿಯಿರಿ. ಒಂದು ಹಾಳೆಗೆ 200 ಮಿ.ಲೀ. ಸಾಕು, ಅಂದರೆ 2.8 ಗ್ರಾಂ ಅಂಟು, 1.2 ಗ್ರಾಂ ಪಟಿಕ. ಅಡುಗೆಮನೆ ತಕ್ಕಡಿ ಇದಕ್ಕೆ ಆಗದು, ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು.

ಅಂಟು ಅಂದರೆ ಪ್ರಾಣಿಜನ್ಯ ಅಂಟು. ನಮ್ಮ ಬಡಗಿಗಳ ಮರವಜ್ರ ಅದೇ ಜಾತಿ, ಆದರೆ ಅದರಲ್ಲಿ ಕೊಳೆ, ಬಣ್ಣ ಹೆಚ್ಚು. ಬಣ್ಣವಿಲ್ಲದ ಜೆಲಾಟಿನ್ ವಾಸಿ. ತಣ್ಣೀರಲ್ಲಿ ರಾತ್ರಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಪಟಿಕವನ್ನು ಬೇರೆ ಬಟ್ಟಲಲ್ಲಿ ತಣ್ಣೀರಿನಲ್ಲೇ ಕರಗಿಸಬೇಕು. ಬಿಸಿ ಅಂಟಿಗೆ ಪಟಿಕ ಹಾಕಬಾರದೆಂದು ಆ ಕೈಪಿಡಿಯೇ ಎಚ್ಚರಿಸುತ್ತದೆ. ಅಂಟು ಉಗುರುಬೆಚ್ಚಗಾದ ಮೇಲೆ ಪಟಿಕದ ನೀರನ್ನು ಸ್ವಲ್ಪಸ್ವಲ್ಪವೇ ಸುರಿದು ಕಲಕಿ, ತೆಳು ಬಟ್ಟೆಯಲ್ಲಿ ಸೋಸಿ.

ಅಗಲ ಕುಂಚದಲ್ಲಿ ಒಂದೇ ದಿಕ್ಕಿಗೆ, ಪಟ್ಟಿಪಟ್ಟಿಯಾಗಿ, ಪಕ್ಕದ ಪಟ್ಟಿಯ ಅಂಚು ಒಣಗುವ ಮೊದಲು ಎಳೆಯಿರಿ. ನೆರಳಲ್ಲಿ ಹಗ್ಗಕ್ಕೆ ನೇತುಹಾಕಿ.

ಗೋಧಿಗಂಜಿ

ಕಾವಿಬಣ್ಣ ಹೇಳಿದ್ದು ಸರಿ. ಎಡವಟ್ಟಾದರೆ ಗುರುತು ಹೇಗೆ ಅಂತಲೂ ತಿಳಿದಿರಲಿ. ಪಟಿಕ ಹೆಚ್ಚಾಗಿದ್ದರೆ ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಸಣ್ಣ ಹರಳು ಮಿನುಗುತ್ತವೆ, ಕುಂಚ ಜಾರದೆ ಕೆರೆಯುತ್ತದೆ, ಬಣ್ಣ ಮಂಕು. ಅಂಟು ಹೆಚ್ಚಾಗಿದ್ದರೆ ಹಾಳೆ ಹೊಳೆಯುತ್ತದೆ, ಮಡಿಸಿದರೆ ಸೀಳುತ್ತದೆ. ಎಲ್ಲಾದರೂ ಲೇಪ ತಪ್ಪಿದ್ದರೆ ಆ ಜಾಗದಲ್ಲಿ ಮಾತ್ರ ಬಣ್ಣ ಇಳಿದು ಕಪ್ಪು ಚುಕ್ಕೆ ಬೀಳುತ್ತದೆ. ಚಿತ್ರದ ಮಧ್ಯೆ ಅದು ಕಂಡರೆ ಬಣ್ಣ ಹಾಕುವುದನ್ನು ನಿಲ್ಲಿಸಿ, ಒಣಗಲು ಬಿಟ್ಟು, ಹಿಂಬದಿಯಿಂದ ತೆಳು ಪಟಿಕದ ನೀರು ಸವರಿ.

ಇನ್ನೊಂದು: ಪಟಿಕ ಆಮ್ಲೀಯ. ದಶಕಗಳು ಕಳೆದಂತೆ ಕಾಗದವನ್ನು ಹಳದಿ ಮಾಡಿ ಮುರುಕಲು ಮಾಡುತ್ತದೆ. ಹಳೆಯ ಸಂಪುಟಗಳಲ್ಲಿ ಹಸಿ ಕಾಗದದ ಹಾಳೆ ಇನ್ನೂ ಬಟ್ಟೆಯ ಹಾಗೆ ಮೆತ್ತಗಿದ್ದು, ಪಟಿಕ ಕುಡಿಸಿದ್ದು ಹಪ್ಪಳವಾಗಿರುವುದು ಇದಕ್ಕೇ. ಹೆಚ್ಚು ಹಾಕಿದರೆ ಒಳ್ಳೆಯದು ಎಂಬ ಯೋಚನೆ ಬೇಡ.

ಕುಂಚಗಳ್ಳ

ಮನುಷ್ಯಾಕೃತಿಯ ರೇಖೆ ಬಗ್ಗೆ ಯಾರೂ ಮಾತಾಡಿಲ್ಲ. ಅದೇ ಕಷ್ಟದ ಭಾಗ.

ರೇಖೆಮನೆ

ಅದಕ್ಕೇ ಬರುತ್ತಿದ್ದೆ. ಚೀನೀ ಸಂಪ್ರದಾಯ ಉಡುಗೆಯ ರೇಖೆಗಳನ್ನು ಹದಿನೆಂಟು ಬಗೆ ಎಂದು ಎಣಿಸುತ್ತದೆ. ಹದಿನೆಂಟೂ ಬೇಕಿಲ್ಲ, ಈ ಸಂಪುಟಕ್ಕೆ ಮೂರು ಸಾಕು. ರೇಷ್ಮೆ ಎಳೆಯಂತೆ ಉದ್ದಕ್ಕೂ ಒಂದೇ ದಪ್ಪದ್ದು. ಪ್ರಾಚೀನ ಚಿತ್ರಕಾರ ಗು ಕೈಝಿಯ ಹೆಸರಿಗೆ ಅಂಟಿಕೊಂಡ ಈ ರೇಖೆಯೇ ಚೆನ್ ಹೊಂಗ್‌ಶೌ ಮನುಷ್ಯಾಕೃತಿಗಳ ಜೀವಾಳ. ಕಬ್ಬಿಣದ ತಂತಿಯಂಥದ್ದು, ಅದಕ್ಕಿಂತ ಬಿಗಿ, ತಿರುವಿನಲ್ಲಿ ಕೋನ ಕಾಣುತ್ತದೆ. ಮೂರನೆಯದು ಮೊಳೆಯ ತಲೆ, ಇಲಿಯ ಬಾಲ: ಶುರುವಿನಲ್ಲಿ ಒತ್ತು, ಕೊನೆಗೆ ಚೂಪು.

ರೇಷ್ಮೆ ಎಳೆಯ ರೇಖೆಗೆ ಮುಂಗುಸಿಯಂತೆ ಕಾಣುವ ವೀಸಲ್ ಪ್ರಾಣಿಯ ಬಾಲದ ಕೂದಲಿನ ಸಣ್ಣ ಕುಂಚ ಬೇಕು. ಆಡಿನ ಕೂದಲಿನದು ಮೆತ್ತಗೆ, ತುದಿ ಹಿಂದಕ್ಕೆ ಮರಳುವುದಿಲ್ಲ. ಕುಂಚ ನೆಟ್ಟಗೆ ಹಿಡಿಯಿರಿ, ತುದಿಯ ಒಂದೆರಡು ಮಿಲಿಮೀಟರಿನಲ್ಲಷ್ಟೇ ಬರೆಯಿರಿ. ತುದಿ ರೇಖೆಯ ನಡುವಲ್ಲೇ ಸಾಗಬೇಕು, ಕುಂಚ ವಾಲಿದರೆ ರೇಖೆಯ ಒಂದು ಅಂಚು ನುಣುಪು, ಇನ್ನೊಂದು ಹರಕು. ಉದ್ದ ತೋಳಿನ ರೇಖೆಗೆ ಮಣಿಕಟ್ಟು ಮೇಜಿಗೆ ಊರಬಾರದು, ಮೊಣಕೈಯಿಂದ ಎಳೆಯಬೇಕು. ಮಣಿಕಟ್ಟು ಊರಿ ಬರೆದ ರೇಖೆ ಐದಾರು ಸೆಂ.ಮೀ. ಆದ ಮೇಲೆ ತಾನಾಗಿ ಬಾಗುತ್ತದೆ. ನಿಮ್ಮ ಹಾಳೆ 22 ಸೆಂ.ಮೀ. ಎತ್ತರ ಅಂದಮೇಲೆ ನಿಂತ ಮನುಷ್ಯನ ನಿಲುವಂಗಿಯಲ್ಲಿ ಅದು ಕಂಡೇ ಕಾಣುತ್ತದೆ.

ಶುರುವಿನಲ್ಲಿ ಗುಂಡುಚುಕ್ಕೆ ಬಿದ್ದರೆ ಕುಂಚದಲ್ಲಿ ಶಾಯಿ ಹೆಚ್ಚು. ನಡುವೆ ಬಿಳಿ ಬಿಟ್ಟರೆ ಒಣಗಿದೆ ಅಥವಾ ಕೈ ಓಡಿದೆ. ರೇಖೆಯನ್ನು ಬಿಡಲೇಬೇಕಾದರೆ ಇನ್ನೊಂದು ಮಡಿಕೆ ಅದನ್ನು ದಾಟುವ ಕಡೆ ಬಿಡಿ, ಜೋಡಣೆ ಅಲ್ಲಿ ಅಡಗುತ್ತದೆ.

ಕುಂಚಗಳ್ಳ

ಮುಖ? ಚೆನ್‌ನ ಆಕೃತಿಗಳಿಗೆ ತಲೆ ದೊಡ್ಡದು, ಮೈ ಕುಳ್ಳು. ಅದನ್ನು ಸರಿಪಡಿಸಿ ಬರೆಯುವವರೂ ಇದ್ದಾರೆ.

ರೇಖೆಮನೆ

ಸರಿಪಡಿಸಿದರೆ ಅವನ ಚಿತ್ರವೇ ಹೋಯಿತು. ಅದು ಬೇಕಂತಲೇ ಮಾಡಿದ ಹಳೆಗಾಲದ ಧಾಟಿ. ಮೊದಲು ಮೂಗು, ಕಣ್ಣಿನ ಮೇಲ್ರೆಪ್ಪೆ, ಆಮೇಲೆ ಕೆನ್ನೆಯ ಹೊರರೇಖೆ. ಮುಖದ ಶಾಯಿ ಉಡುಗೆಯ ಶಾಯಿಗಿಂತ ಒಂದು ಹದ ತೆಳುವಾಗಿರಲಿ. ಕಣ್ಣುಪಾಪೆ, ತುಟಿ ಸೇರುವ ಗೆರೆಗೆ ಮಾತ್ರ ಕೊನೆಗೆ ಗಟ್ಟಿ ಶಾಯಿ. ಗಡ್ಡ ಒಂದೇ ಸಲಕ್ಕೆ ಕಪ್ಪು ಬೇಡ: ತೆಳು ಶಾಯಿಯ ಲೇಪ ಕೊಟ್ಟು, ಒಣಗಿದ ಮೇಲೆ ಚರ್ಮದ ಒಳಗಿಂದ ಹೊರಕ್ಕೆ ಕೂದಲು ಎಳೆಯಬೇಕು.

ಹಳೇಹಾಳೆ

ನಕಲು ಮಾಡುವ ವಿಚಾರಕ್ಕೆ ಒಂದು ದಾಖಲೆ ನೆನಪಿಸಬೇಕು. ವಿದ್ವಾಂಸ ಚೌ ಲ್ಯಾಂಗ್‌ಗೊಂಗ್ (1612–1672) ಬರೆದಿಟ್ಟ ಪ್ರಕಾರ, ಹುಡುಗನಾಗಿದ್ದಾಗ ಚೆನ್, ಹಾಂಗ್‌ಚೌ ಎಂಬ ಊರಿನ ಶಾಲೆಯಲ್ಲಿದ್ದ ಕಲ್ಲಿನ ಕೆತ್ತನೆಗಳ ಅಚ್ಚು ತೆಗೆದುಕೊಂಡ. ಕನ್‌ಫ್ಯೂಷಿಯಸ್‌ನ 72 ಶಿಷ್ಯರ ಚಿತ್ರಗಳು, ಮೂಲ ಹಿಂದಿನ ಕಾಲದ ಚಿತ್ರಕಾರ ಲೀ ಗೊಂಗ್‌ಲಿನ್‌ನದ್ದು. ಹತ್ತು ದಿನ ಬಾಗಿಲು ಹಾಕಿಕೊಂಡು ನಕಲಿಸಿ ತೋರಿಸಿದ, ಹೋಲುತ್ತದೆ ಎಂದರು, ಖುಷಿಯಾದ. ಮತ್ತೆ ಹತ್ತು ದಿನ ನಕಲಿಸಿ ತೋರಿಸಿದ, ಹೋಲುವುದಿಲ್ಲ ಎಂದರು, ಇನ್ನೂ ಖುಷಿಯಾದ. ದುಂಡಗಿದ್ದುದನ್ನು ಚೌಕ ಮಾಡಿದ್ದ, ಒಟ್ಟಾಗಿದ್ದುದನ್ನು ಚೆದುರಿಸಿದ್ದ. ಆದ್ದರಿಂದ ನಕಲಿನ ಮೊದಲ ಸುತ್ತು ಹಾಳೆಯನ್ನು ಮೂಲದ ಮೇಲಿಟ್ಟು ತೆಳು ಕಾಗದದಲ್ಲಿ ತೆಗೆಯುವುದು, ಎರಡನೆಯದು ಪಕ್ಕದಲ್ಲಿಟ್ಟು ನೋಡಿ ಬರೆಯುವುದು, ಮೂರನೆಯದು ಮುಚ್ಚಿಟ್ಟು ಬರೆಯುವುದು. ಮೂರನೆಯದನ್ನೇ ಸಂಪುಟಕ್ಕೆ ಹಾಕಿ.

ಒಂದು ಎಚ್ಚರ: ಜಲಗಡಿ ಎಂಬ ಚೀನೀ ಕಾದಂಬರಿಯ ವೀರರನ್ನು ಚೆನ್ ಬರೆದ 40 ಆಟದೆಲೆಗಳ ಚಿತ್ರಗಳು ಮರದಚ್ಚಿನಲ್ಲಿ ಪ್ರಸಿದ್ಧ. ಅವುಗಳ ರೇಖೆಯ ತುದಿಯಲ್ಲಿ ಕಾಣುವ ಬಿರುಸು ಕೆತ್ತುವವನ ಉಳಿಯದ್ದು. ಅಚ್ಚಿನಿಂದ ಆಕಾರ ಕಲಿಯಿರಿ, ಕುಂಚದ ಕೈ ಕಲಿಯಬೇಡಿ.

ನೀರುಗೆರೆ

ಶಾಯಿ ಬಗ್ಗೆ ಚಿಕ್ಕದಾಗಿ. ಎಣ್ಣೆಮಸಿಯ ಕಡ್ಡಿ ಬಳಸಿ, ಪೈನ್‌ಮಸಿಯದು ಮ್ಯಾಟ್ ಕಪ್ಪು, ಚಿಟ್ಟೆ ರೆಕ್ಕೆಗೆ ಸೊಗಸು, ಆದರೆ ಮೌಂಟ್ ಮಾಡುವಾಗ ಒರೆಸಿದರೆ ಕೈಗೆ ಬರುತ್ತದೆ. ರಾತ್ರಿ ಉಳಿದ ಶಾಯಿ ಬೇಡ. ಅಂಟು ಬೇರೆಯಾಗಿ ಕಣಕಣವಾಗಿರುತ್ತದೆ, ಬೆಟ್ಟ ಬರೆಯುವವರಿಗೆ ಅದೇ ಇಷ್ಟ, ಸಪೂರ ರೇಖೆಗೆ ಅದೇ ವೈರಿ. ಸಂಪುಟದ ಎಲ್ಲ ಹಾಳೆಯಲ್ಲೂ ಒಂದೇ ಕಡ್ಡಿಯ ಶಾಯಿ ಇರಲಿ, ಎರಡು ಕಪ್ಪು ಎದುರೆದುರು ಕೂತರೆ ಒಂದು ಕಂದು, ಒಂದು ನೀಲಿ ಕಾಣುತ್ತದೆ.

ಕಾವಿಬಣ್ಣ

ಈಗ ಹೂವು-ಕೀಟಕ್ಕೆ ಬಣ್ಣ. ಚೆನ್‌ನ ಆ ಸಂಪುಟ ಬರೀ ಶಾಯಿ, ಬಣ್ಣ ನಿಮ್ಮ ಸೇರ್ಪಡೆ. ಹಾಗಾಗಿ ಮಿತವಾಗಿ.

ರೇಖೆ ಪೂರ್ತಿ ಒಣಗಿದ ಮೇಲೆ ಎರಡು ಕುಂಚ ಒಂದೇ ಕೈಯಲ್ಲಿ ಹಿಡಿಯಬೇಕು, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಬರೀ ನೀರು. ದಳದ ಬುಡದಲ್ಲಿ ಬಣ್ಣ ಇಟ್ಟು, ಕೂಡಲೇ ನೀರಿನ ಕುಂಚದಿಂದ ಅಂಚಿನತ್ತ ಕರಗಿಸಿ. ನೀರಿನ ಕುಂಚ ಒದ್ದೆ ಇರಬೇಕು, ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಬಣ್ಣ ಓಡಿ ಅಂಚಿನಲ್ಲಿ ಗೆರೆ ಕಟ್ಟುತ್ತದೆ. ಒಂದೊಂದು ಲೇಪವೂ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಮೂರು ಪಟಿಕ, ಒಂಬತ್ತು ಲೇಪ ಎಂಬುದು ಈ ಕಸುಬಿನ ಮಾತು: ಕೆಲವು ಲೇಪ ಆದ ಮೇಲೆ ತೆಳು ಪಟಿಕದ ನೀರು ಸವರಿ ಕೆಳಗಿನ ಬಣ್ಣ ಕದಡದ ಹಾಗೆ ಮಾಡುವುದು.

ಎಲೆಗೆ ಹಸಿರು ನೀಲಿ-ಹಳದಿ ಬೆರಸಿ. ಇಲ್ಲೂ ಆ ಕೈಪಿಡಿಯ ಲೆಕ್ಕ ನಂಬಬಹುದು: ನೀಲಿ 6, ಹಳದಿ 4 ಅಂದರೆ ಬಲಿತ ಎಲೆ, ನೀಲಿ 3, ಹಳದಿ 7 ಅಂದರೆ ಚಿಗುರು. ಹಳದಿ ಗ್ಯಾಂಬೋಜ್, ಗಾರ್ಸೀನಿಯಾ ಮರದ ಹಾಲು. ಮೈಸೂರು ಚಿತ್ರಕಲೆಯ ಗೆಸ್ಸೊ (ಉಬ್ಬುಲೇಪ) ಕೆಲಸಕ್ಕೂ ಬಳಕೆಯಾಗಿದ್ದ ಪದಾರ್ಥ. ವಿಷ. ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಚಾಳಿ ಇದ್ದವರು ಇವತ್ತೇ ಬಿಡಿ. ಬಿಸಿಲಿಗೆ ಬಣ್ಣ ಹೋಗುವುದೂ ಇದಕ್ಕೇ ಮೊದಲು. ಹಳೆಯ ಸಂಪುಟಗಳ ಎಲೆ ನೀಲಿಯಾಗಿ ಕಾಣುವುದಕ್ಕೆ ಹಳದಿ ಹಾರಿಹೋಗಿರುವುದು ಒಂದು ಕಾರಣ.

ಖನಿಜದ ಹಸಿರು ಬೇಕೆಂದರೆ ಮೊದಲು ಮೇಲೆ ಹೇಳಿದ ಎಲೆಹಸಿರಿನ ತಳ ಕೊಟ್ಟು ಆಮೇಲೆ ಮ್ಯಾಲಕೈಟ್. ಬರಿ ಕಾಗದದ ಮೇಲೆ ಹಾಕಿದರೆ ಸೀಮೆಸುಣ್ಣದಂತೆ ತೇಲುತ್ತದೆ. ಬಿಳಿಗೆ ಚಿಪ್ಪಿನ ಪುಡಿ. ಸೀಸದ ಬಿಳಿ ಗಾಳಿಯ ಗಂಧಕಕ್ಕೆ ಕಪ್ಪಾಗುತ್ತದೆ, ಹಳೆಯ ಚಿತ್ರಗಳಲ್ಲಿ ಹೆಂಗಸರ ಮುಖ ಮಸಿ ಬಳಿದಂತೆ ಇರುವುದು ಅದರಿಂದಲೇ.

ಕುಂಚಗಳ್ಳ

ಹಾಳೆಯನ್ನೇ ನೀರಲ್ಲಿ ಅದ್ದಿ ತೆಗೆಯುವ ವಾಶ್ ಮಾಡಬಹುದಲ್ಲ? ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರು ಕಲಿತು ಬಂದ ಕಲ್ಕತ್ತೆಯ ಶೈಲಿ ಹಾಗೆ ತಾನೇ.

ಕಾವಿಬಣ್ಣ

ಬೇಡ. ಅವನೀಂದ್ರನಾಥ ಠಾಕೂರರ ಬಳಗದ ವಾಶ್ ದಪ್ಪ ಯುರೋಪಿಯನ್ ಕಾಗದದ ಮೇಲಿನದು. ಅದರ ಹಿಂದೆ 1903ರಲ್ಲಿ ಕಲ್ಕತ್ತೆಗೆ ಬಂದ ಜಪಾನಿ ಚಿತ್ರಕಾರರ ಪ್ರಭಾವ ಇದೆ. ತೆಳು ಶ್ವಾನ್ ಹಾಳೆ ಅದ್ದಿದರೆ ಅಂಟು-ಪಟಿಕ ತೊಳೆದು ಹೋಗುತ್ತದೆ, ಎತ್ತುವಾಗ ಹರಿಯುತ್ತದೆ. ಎರಡು ಕುಂಚದ ಪದ್ಧತಿಯಲ್ಲಿ ಒದ್ದೆ ಒಂದು ದಳದ ಮಟ್ಟಿಗೆ ಮಾತ್ರ.

ನೀರುಗೆರೆ

ಕೀಟದ ಹಾಳೆಗೆ ಚೀನೀ ಚಿತ್ರಕಾರ ಚೀ ಬಾಯ್‌ಶಿ (1864–1957) ಕ್ರಮ ಅನುಸರಿಸಿ. ಮೊದಲು ಕೀಟ, ಸೂಕ್ಷ್ಮವಾಗಿ. ಗಿಡ ಆಮೇಲೆ, ಅಗಲ ಕುಂಚದಲ್ಲಿ ಸರಸರನೆ. ಕೀಟ ಮಾತ್ರ ಬರೆದಿಟ್ಟ ಹಾಳೆಗಳು ಅವನ ಬಳಿ ಸಿದ್ಧವಿರುತ್ತಿದ್ದವು. ಕಾರಣ ಸರಳ, ಕೀಟ ಕೆಟ್ಟರೆ ಹಾಳೆ ಎಸೆದರಾಯಿತು, ಗಿಡದ ಶ್ರಮ ದಂಡವಾಗದು.

ಮಿಡತೆಯ ಕ್ರಮ: ತಲೆ, ಎದೆಯ ಕವಚ, ರೆಕ್ಕೆ, ಹೊಟ್ಟೆ, ಕಾಲು, ಕೊನೆಗೆ ಮೀಸೆ. ಹಿಂಗಾಲಿನ ತೊಡೆ ಒಂದೇ ಒತ್ತು, ಬುಡದಲ್ಲಿ ದಪ್ಪ, ಮಂಡಿಗೆ ಬರುವಾಗ ಸಣ್ಣ. ಮಂಡಿಯಲ್ಲಿ ಕುಂಚ ಎತ್ತಿ ಮತ್ತೆ ಇಡಬೇಕು, ಎಳೆದುಕೊಂಡೇ ತಿರುಗಿಸಿದರೆ ಕಾಲು ರಬ್ಬರಿನದಾಗುತ್ತದೆ. ಆರೂ ಕಾಲು ನೆಲ ಅಥವಾ ಕಾಂಡ ಮುಟ್ಟುವ ಬಿಂದುಗಳನ್ನು ಮೊದಲೇ ಕಣ್ಣಲ್ಲಿ ಗುರುತಿಸಿಕೊಳ್ಳಿ. ಇಲ್ಲದಿದ್ದರೆ ಗಿಡ ಬರೆಯುವಾಗ ಕೀಟ ಗಾಳಿಯಲ್ಲಿ ನೇತಾಡುತ್ತದೆ. ಮೀಸೆ ಬುಡದಿಂದ ತುದಿಗೆ, ಒಂದೇ ಉಸಿರಿಗೆ, ಎತ್ತುತ್ತಾ ಹೋಗಬೇಕು. 9 ಸೆಂ.ಮೀ. ಅಗಲದಲ್ಲಿ ಮೀಸೆಗೆ ಜಾಗ ಉಳಿಸುವುದೇ ದೊಡ್ಡ ಲೆಕ್ಕ, ಅಂಚಿನ ಆಚೆ ಹೋದರೂ ಚಿಂತೆಯಿಲ್ಲ.

ಮಸಿಬಟ್ಟಲು

ಬಹಳ ಉಪಕಾರ ಎಲ್ಲರಿಗೂ. ಗೋಧಿಗಂಜಿ ಅವರೇ, ಮೌಂಟಿಂಗ್ ಹಂತ ಸ್ವಲ್ಪ ಬಿಡಿಸಿ ಹೇಳಿ. ಮುದ್ರೆ ಅದಕ್ಕೆ ಮೊದಲೋ ಆಮೇಲೋ?

ಗೋಧಿಗಂಜಿ

ಮೈದಾ ನೇರವಾಗಿ ಬೇಡ, ಅದರ ಜಿಗುಟು ಹುಳಕ್ಕೆ ಹಬ್ಬ. ಹಿಟ್ಟು ಕಲಸಿ ನೀರಲ್ಲಿ ಹಿಸುಕಿ ಜಿಗುಟು ಬೇರೆ ಮಾಡಿ, ತಳದಲ್ಲಿ ಕೂತ ಪಿಷ್ಟ ತೆಗೆದುಕೊಳ್ಳಿ, ಇಲ್ಲವೇ ಗೋಧಿ ಪಿಷ್ಟವನ್ನೇ ಕೊಳ್ಳಿ. ಒಂದಳತೆ ಪಿಷ್ಟಕ್ಕೆ ನಾಲ್ಕೈದು ಅಳತೆ ನೀರು, ಸಣ್ಣ ಉರಿಯಲ್ಲಿ ಅರ್ಧ ಗಂಟೆ, ಕೈಬಿಡದೆ ತಿರುವಿ. ತಣಿದ ಮೇಲೆ ಜರಡಿಯಲ್ಲಿ ಉಜ್ಜಿ, ಹಚ್ಚುವ ಹೊತ್ತಿಗೆ ನೀರು ಸೇರಿಸಿ ಮಜ್ಜಿಗೆ ಹದಕ್ಕೆ ತನ್ನಿ. ಗಂಜಿ ಗಟ್ಟಿಯಾಗಿದ್ದರೆ ಪುಟ ರಟ್ಟಾಗುತ್ತದೆ, ಮಡಿಕೆ ಬಿರಿಯುತ್ತದೆ.

ಮೊದಲು ಪ್ರತಿ ಬಣ್ಣದ ಮೂಲೆಗೂ ಒದ್ದೆ ಹತ್ತಿ ಒತ್ತಿ ನೋಡಿ. ಹತ್ತಿಗೆ ಬಣ್ಣ ಬಂದರೆ ಆ ಹಾಳೆಗೆ ತೆಳು ಅಂಟು-ಪಟಿಕ ಸವರಿ ಒಣಗಿಸಬೇಕು. ಪಾಸಾದ ಹಾಳೆಯನ್ನು ನುಣುಪು ಮೇಜಿನ ಮೇಲೆ ಮುಖ ಕೆಳಗೆ ಮಾಡಿ, ಸಿಂಪಡಿಸಿ, ಅದು ಪೂರ್ತಿ ಹಿಗ್ಗುವವರೆಗೆ ಒಂದೆರಡು ನಿಮಿಷ ಬಿಡಿ. ಹಿಗ್ಗುವ ಮೊದಲೇ ಗಂಜಿ ಹಚ್ಚಿದರೆ ಸುಕ್ಕು ಒಳಗೇ ಸಿಕ್ಕಿಕೊಳ್ಳುತ್ತದೆ. ಗಂಜಿಯ ಕುಂಚ ನಡುವಿನಿಂದ ಅಂಚಿಗೆ. ಹಿಂಬದಿ ಕಾಗದ ಒಂದು ತುದಿಯಿಂದ ಇಳಿಸುತ್ತಾ ಒಣ ಕುಂಚದಿಂದ ಒತ್ತಿ, ಗಾಳಿಗುಳ್ಳೆ ಹೊರಹಾಕಿ. ಅಂಚಿಗೆ ಮಾತ್ರ ಗಂಜಿ ಹಚ್ಚಿ ಹಲಗೆಗೆ ಅಂಟಿಸಿ, ಒಂದು ಮೂಲೆಯಲ್ಲಿ ಚಿಕ್ಕ ಕಾಗದದ ಪಟ್ಟಿ ಸಿಕ್ಕಿಸಿಡಿ. ಒಣಗಿದ ಮೇಲೆ ಅಲ್ಲಿಂದಲೇ ಬಿದಿರಿನ ಚೂರಿ ತೂರಿಸಿ ಬಿಡಿಸುವುದು. ಒಂದು ವಾರ ಹಲಗೆಯ ಮೇಲಿರಲಿ. ನಮ್ಮ ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ, ಈ ಕೆಲಸ ಮುಂದೂಡುವುದೇ ಲೇಸು. ಬೂಷ್ಟು ಗಂಜಿಯಿಂದಲೇ ಶುರುವಾಗುತ್ತದೆ.

ಮಡಿಕೆಗೆ: ಎತ್ತರ ಹೆಚ್ಚಿರುವ ಹಾಳೆಗೆ ಎಡಬಲ ತೆರೆಯುವ ಚಿಟ್ಟೆ ಮಡಿಕೆ ಸರಿ. ಅಡ್ಡ ಚಿತ್ರಗಳಿಗೆ ಮೇಲಕ್ಕೆ ತೆರೆಯುವುದು. ಬಲಗಡೆ ಚಿತ್ರ, ಎಡಗಡೆ ಬರಹ ಎಂದಿಟ್ಟುಕೊಂಡರೆ 12 ಚಿತ್ರಕ್ಕೆ 12 ಬರಹದ ಹಾಳೆಯೂ ಬೇಕು, ಅದನ್ನೂ ಅದೇ ಕಾಗದದಿಂದ ಕತ್ತರಿಸಿ.

ಮುದ್ರೆ ಮೌಂಟಿಂಗಿಗೆ ಮೊದಲು. ಮುದ್ರೆಯ ಕೆಂಪು ಇಂಗಲೀಕ, ಹರಳೆಣ್ಣೆ, ಸೊಪ್ಪಿನ ನಾರು ಸೇರಿಸಿ ಅರೆದದ್ದು, ನೀರಿಗೆ ಜಗ್ಗುವುದಿಲ್ಲ. ಆದರೆ ಹಸಿಯಿದ್ದಾಗ ಎಣ್ಣೆ ಬಿಡುತ್ತದೆ, ಕೆಲವು ದಿನ ಒಣಗಲು ಬಿಡಿ. 9 ಸೆಂ.ಮೀ. ಅಗಲದ ಹಾಳೆಗೆ ಒಂದು ಸೆಂ.ಮೀ.ಗಿಂತ ದೊಡ್ಡ ಮುದ್ರೆ ಒತ್ತಬೇಡಿ, ಅಂಚು ಕತ್ತರಿಸುವ ಗೆರೆಯಿಂದ ಕನಿಷ್ಠ ಎಂಟು ಮಿಲಿಮೀಟರು ಒಳಗೆ.